ಗರ್ಭಲಕ್ಷಣ: ಕವಿ ಕಂಡದ್ದು, ವೈದ್ಯ ಕಂಡದ್ದು

ಆಚಾರ್ಯ ಜಿನಸೇನರು ತಮ್ಮ ಸಂಸ್ಕೃತ ‘ಆದಿಪುರಾಣ’ದಲ್ಲಿ ಮರುದೇವಿಯ ಗರ್ಭಾವಸ್ಥೆಯನ್ನು ವರ್ಣಿಸುವ ಕ್ರಮ ವಿಶಿಷ್ಟವಾದುದು. ಅಲ್ಲಿನ ಮಾತೆಲ್ಲ ನಿಷೇಧರೂಪದಲ್ಲಿದೆ. ಆಕೆಯ ಹೊಟ್ಟೆಯಲ್ಲಿ ಯಾವ ವಿಕಾರವೂ ತೋರಲಿಲ್ಲ, ಮೊಲೆತೊಟ್ಟುಗಳು ಕಪ್ಪಾಗಲಿಲ್ಲ, ಮುಖ ಬಿಳಿಚಿಕೊಳ್ಳಲಿಲ್ಲ. ಹಾಗಿದ್ದೂ ಗರ್ಭ ಬೆಳೆಯಿತೆಂಬುದೇ ಅವರಿಗೆ ಅಚ್ಚರಿ. ತೀರ್ಥಂಕರನನ್ನು ಹೊತ್ತ ತಾಯಿಗೆ ಸಾಮಾನ್ಯ ಸ್ತ್ರೀಯರ ಕ್ಲೇಶಗಳು ಇರಲಾರವೆಂಬುದು ಪುರಾಣಕಾರರ ಆಶಯ. ಆದರೆ ಈ ನಿಷೇಧವನ್ನೇ ತಿರುಗಿಸಿ ಓದಿದರೆ, ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ನಾಡಿನಲ್ಲಿ ಬಸುರಿಯ ಮೈಯಲ್ಲಿ ಏನೇನನ್ನು ಗುರುತಿಸುತ್ತಿದ್ದರೆಂಬ ಪಟ್ಟಿ ನಮಗೆ ದೊರೆಯುತ್ತದೆ. ಇಲ್ಲವೆಂದು ಹೇಳಬೇಕಾದರೆ ಮೊದಲು ಉಂಟೆಂಬುದು ತಿಳಿದಿರಬೇಕಷ್ಟೆ.

ಅದೇ ಪುರಾಣದಲ್ಲಿ ಮುಂದೆ ಭರತನನ್ನು ಬಸಿರಲ್ಲಿ ಹೊತ್ತ ಯಶಸ್ವತಿ ಬರುತ್ತಾಳೆ. ಆಕೆ ಕನ್ನಡಿಯನ್ನು ಬಿಟ್ಟು ಕತ್ತಿಯ ಅಲಗಿನಲ್ಲಿ ತನ್ನ ಮುಖವನ್ನು ನೋಡಿಕೊಳ್ಳುತ್ತಾಳೆ. ಹುಟ್ಟಲಿರುವವನು ಚಕ್ರವರ್ತಿ, ಆದ್ದರಿಂದ ತಾಯಿಯ ಬಯಕೆಯೂ ವೀರದ ಬಯಕೆ. ನಮ್ಮ ಕಾವ್ಯಗಳಲ್ಲಿ ಗರ್ಭಿಣಿಯ ಮೈ ಮನಸ್ಸುಗಳ ಬದಲಾವಣೆಗಳನ್ನು ಓದುವ ರೀತಿ ಬಹುಮಟ್ಟಿಗೆ ಇದೇ. ಮೈಯಲ್ಲಿ ಕಂಡದ್ದಕ್ಕೆ ಮೈಯಲ್ಲಿ ಕಾರಣವನ್ನು ಹುಡುಕುವುದಿಲ್ಲ; ಹುಟ್ಟುವವನ ಭವಿಷ್ಯದಲ್ಲಿ ಹುಡುಕುತ್ತಾರೆ.

ಈ ರೀತಿಯ ಅತ್ಯಂತ ಪ್ರಸಿದ್ಧ ನಿದರ್ಶನ ಕಾಳಿದಾಸನ ‘ರಘುವಂಶ’ದ ಮೂರನೆಯ ಸರ್ಗದಲ್ಲಿದೆ. ಸುದಕ್ಷಿಣೆ ಗರ್ಭಿಣಿ. ಮೈ ಸೋತಿರುವುದರಿಂದ ಎಲ್ಲ ಒಡವೆಗಳನ್ನೂ ತೊಡಲಾರಳು. ಮುಖ ಲೋಧ್ರಪುಷ್ಪದಂತೆ ಬೆಳ್ಳಗಾಗಿದೆ. ಏಕಾಂತದಲ್ಲಿ ದಿಲೀಪನಿಗೆ ಆಕೆಯ ಮುಖದಿಂದ ಮಣ್ಣಿನ ಕಂಪು ಬರುತ್ತದೆ, ಎಂದರೆ ಆಕೆ ಮಣ್ಣು ತಿಂದಿದ್ದಾಳೆ. ಕವಿ ಕೊಡುವ ಕಾರಣ ಸೊಗಸಾಗಿದೆ: ಮಗನು ಮುಂದೆ ಭೂಮಿಯನ್ನೇ ಭೋಗಿಸಲಿರುವವನಾದ್ದರಿಂದ ತಾಯಿಗೆ ಮೊದಲು ಮಣ್ಣಿನಲ್ಲಿಯೇ ರುಚಿ ಹುಟ್ಟಿತು. ಶತಮಾನಗಳಿಂದ ವ್ಯಾಖ್ಯಾನಕಾರರು ಈ ಉತ್ಪ್ರೇಕ್ಷೆಯನ್ನು ಮೆಚ್ಚಿದ್ದಾರೆ, ನಾವೂ ಮೆಚ್ಚುತ್ತೇವೆ. ಆದರೆ ಬಿಳಿಚಿದ ಮುಖ, ಒಡವೆಯ ಭಾರವನ್ನೂ ತಾಳದ ಆಯಾಸ, ಮಣ್ಣಿನ ಚಪಲ, ಈ ಮೂರನ್ನು ಇಂದು ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯ ಮುಂದೆ ಹೇಳಿದರೆ ಆಕೆ ಅಲಂಕಾರವನ್ನು ಹುಡುಕುವುದಿಲ್ಲ. ರಕ್ತಪರೀಕ್ಷೆಗೆ ಕೈ ಚಾಚಲು ಹೇಳುತ್ತಾಳೆ.

ವೈದ್ಯಗ್ರಂಥಗಳು ಈ ವಿಷಯದಲ್ಲಿ ಕಾವ್ಯಗಳಿಗಿಂತ ನೇರವಾಗಿವೆ. ‘ಚರಕಸಂಹಿತೆ’ಯ ಶಾರೀರಸ್ಥಾನದಲ್ಲಿ ಗರ್ಭಲಕ್ಷಣಗಳ ಪಟ್ಟಿಯೊಂದಿದೆ. ಮುಟ್ಟು ನಿಲ್ಲುವುದು, ಬಾಯಲ್ಲಿ ನೀರೂರುವುದು, ಅನ್ನ ಸೇರದಿರುವುದು, ವಾಂತಿ, ಹುಳಿಯ ಬಯಕೆ, ತುಟಿ ಹಾಗೂ ಸ್ತನಮಂಡಲಗಳು ಕಪ್ಪಾಗುವುದು, ಹೊಟ್ಟೆಯ ಮೇಲೆ ರೋಮರೇಖೆ ಮೂಡುವುದು, ಪಾದಗಳಲ್ಲಿ ಸ್ವಲ್ಪ ಊತ. ‘ಸುಶ್ರುತಸಂಹಿತೆ’ಯಲ್ಲಿಯೂ ಇದೇ ಬಗೆಯ ಪಟ್ಟಿಯುಂಟು. ಗರ್ಭಿಣಿಯನ್ನು ಉಪಚರಿಸುವ ಬಗೆಗೆ ಚರಕನು ಕೊಡುವ ಉಪಮಾನವೂ ಅಡುಗೆಮನೆಯದು: ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಒಯ್ಯುವವನ ಎಚ್ಚರವಿರಬೇಕು. ಕವಿಯ ಲೋಧ್ರಪುಷ್ಪಕ್ಕಿಂತ ಈ ಎಣ್ಣೆಯ ಪಾತ್ರೆ ಸತ್ಯಕ್ಕೆ ಹತ್ತಿರವೆಂದು ನನಗೆ ತೋರುತ್ತದೆ.

ಪಾತ್ರೆ ತುಳುಕಿದಾಗ ಏನಾಗುತ್ತಿತ್ತೆಂಬುದಕ್ಕೆ ಕಲ್ಲುಗಳೇ ಸಾಕ್ಷಿ. ತಮಿಳುನಾಡಿನ ದಾರಿಗಳಲ್ಲಿ ‘ಸುಮೈತಾಂಗಿ ಕಲ್’ ಎಂಬ ಕಲ್ಲುಗಳಿವೆ. ಎರಡು ನಿಂತ ಕಲ್ಲುಗಳ ಮೇಲೆ ಒಂದು ಅಡ್ಡಗಲ್ಲು. ಹೊರೆ ಹೊತ್ತು ಬಂದವರು ಅದರ ಮೇಲೆ ಹೊರೆಯನ್ನಿಟ್ಟು ದಣಿವಾರಿಸಿಕೊಳ್ಳಬಹುದು. ಹೆರದೆ ಸತ್ತ ಬಸುರಿಯ ನೆನಪಿಗೆ ಇವನ್ನು ನಿಲ್ಲಿಸುತ್ತಿದ್ದರು. ಇಳಿಸಲಾಗದ ಹೊರೆಯೊಡನೆ ಹೋದವಳ ಹೆಸರಿನಲ್ಲಿ ಇತರರ ಹೊರೆ ಇಳಿಯಲಿ ಎಂಬ ಭಾವ. 1631ರಲ್ಲಿ ಬುರ್ಹಾನ್‌ಪುರದಲ್ಲಿ ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡ ಮುಮ್ತಾಜ್ ಮಹಲಳಿಗೆ ತಾಜಮಹಲೇ ನಿಂತಿತು. ಹಳ್ಳಿಯ ಹೆಣ್ಣಿಗೂ ಸಾಮ್ರಾಟನ ಪತ್ನಿಗೂ ಅಪಾಯ ಒಂದೇ ಆಗಿತ್ತೆಂಬುದನ್ನು ಇವೆರಡೂ ಹೇಳುತ್ತವೆ.

ಈಗ ಬಿಳುಪಿನ ವಿಚಾರಕ್ಕೆ ಮರಳೋಣ. ಬಸಿರಾದವಳ ದೇಹದಲ್ಲಿ ರಕ್ತದ ದ್ರವಾಂಶ ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳು ಅಷ್ಟು ವೇಗವಾಗಿ ಹೆಚ್ಚುವುದಿಲ್ಲ. ಆದ್ದರಿಂದ ರಕ್ತ ಸ್ವಲ್ಪ ತೆಳುವಾಗುವುದು ಸಹಜ. ಆದರೆ ಹಿಮೋಗ್ಲೋಬಿನ್ ಪ್ರಮಾಣ ಡೆಸಿಲೀಟರಿಗೆ 11 ಗ್ರಾಮಿಗಿಂತ ಕೆಳಗಿಳಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆ ಎಂದು ಗಣಿಸುತ್ತದೆ. ಸಹಜಕ್ಕೂ ರೋಗಕ್ಕೂ ನಡುವಣ ಈ ಗೆರೆಯನ್ನು ಬರಿಗಣ್ಣಿನಿಂದ ಎಳೆಯಲಾಗದು. ಪ್ರಾಚೀನರು ಬಿಳುಪನ್ನು ಗರ್ಭದ ಲಕ್ಷಣವೆಂದೇ ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ; ಅವರು ಕಂಡ ಬಸುರಿಯರಲ್ಲಿ ಬಹುಮಂದಿ ಬಿಳಿಚಿಕೊಂಡೇ ಇದ್ದಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಭಾರತದ ಗರ್ಭಿಣಿಯರಲ್ಲಿ ಶೇಕಡ 52.2ರಷ್ಟು ಮಂದಿ ರಕ್ತಹೀನತೆಯುಳ್ಳವರು. ಸುದಕ್ಷಿಣೆ ಇನ್ನೂ ನಮ್ಮ ನಡುವೆಯೇ ಇದ್ದಾಳೆ. ಅರಮನೆಯಲ್ಲಲ್ಲ ಎಂಬುದಷ್ಟೇ ವ್ಯತ್ಯಾಸ. ಬೂದಿ, ಇದ್ದಿಲು, ಬಳಪ, ಒಲೆಯ ಮಣ್ಣು ಇವುಗಳ ಚಪಲಕ್ಕೂ ಕಬ್ಬಿಣಾಂಶದ ಕೊರತೆಗೂ ನಂಟಿರುವುದನ್ನು ವೈದ್ಯರು ಈಗ ಬಲ್ಲರು. ಮಣ್ಣು ತಿಂದರೆ ಆ ಕೊರತೆ ನೀಗುವುದಿಲ್ಲ; ಹೊಟ್ಟೆಗೆ ಹುಳುಗಳು ಸೇರಿ ಇನ್ನಷ್ಟು ಹೆಚ್ಚಬಹುದು.

ಬಿಳುಪಿಗೆ ಕಾರಣ ಒಂದೇ ಅಲ್ಲವೆಂಬುದು ತಿಳಿದದ್ದು ನಮ್ಮ ದೇಶದಲ್ಲಿಯೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದಳು. ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸಿರಿನಲ್ಲಿ ಘೋರ ರಕ್ತಹೀನತೆಗೆ ತುತ್ತಾಗುತ್ತಿದ್ದರು. ಅವರ ರಕ್ತಕಣಗಳು ಅಳತೆ ಮೀರಿ ದೊಡ್ಡವಾಗಿರುತ್ತಿದ್ದವು. ವಿಲ್ಸ್ ರೋಗಾಣುವನ್ನು ಹುಡುಕಿ ಸೋತು, ಆ ಹೆಂಗಸರ ಊಟದ ತಟ್ಟೆಯನ್ನು ನೋಡಿದಳು. ಅಲ್ಲಿ ಹಣ್ಣು ತರಕಾರಿಗಳು ಬಹಳ ಕಡಮೆ. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಅದು ಪ್ರಕಟವಾಯಿತು. ಆ ಸಾರದಲ್ಲಿದ್ದ ಗುಣವಸ್ತು ಏನೆಂಬುದು ಹತ್ತು ವರ್ಷದ ಮೇಲೆ, 1941ರಲ್ಲಿ, ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದಾಗ ತಿಳಿಯಿತು. ಎಲೆಯ ಲ್ಯಾಟಿನ್ ಹೆಸರಿನಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಬಸಿರು ನಿಲ್ಲುವ ಮೊದಲಿಂದಲೇ ಇದನ್ನು ಸೇವಿಸಿದರೆ ಮಗುವಿನ ಬೆನ್ನುಹುರಿಯ ದೋಷಗಳು ಬಹುಪಾಲು ತಪ್ಪುತ್ತವೆಂದು 1991ರಲ್ಲಿ ಖಚಿತವಾಯಿತು. ಇಂದು ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದೊಡನೆ ಇದೂ ಸೇರಿದೆ. ಫೋಲಿಕ್ ಆಮ್ಲ ನೀರಿನಲ್ಲಿ ಕರಗುವ ವಸ್ತು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಬಹುಪಾಲು ಹೋದಂತೆ. ಬಸಿದ ನೀರಿನಿಂದಲೇ ಬಸ್ಸಾರು ಮಾಡುವ ಹಳೆಯ ಮೈಸೂರಿನ ಗೃಹಿಣಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಒಳ್ಳೆಯದನ್ನೇ ಮಾಡುತ್ತಿದ್ದಳು.

ಚರಕನ ಪಟ್ಟಿಯ ಕೊನೆಯಲ್ಲಿರುವ ಪಾದದ ಊತಕ್ಕೂ ಇಂಥದೇ ಕಥೆಯಿದೆ. ಸ್ವಲ್ಪ ಊತ ಸಹಜವೆಂದು ಅವನು ಹೇಳಿದ್ದು ಸರಿಯೇ. ಆದರೆ ಕೆಲವರಲ್ಲಿ ಕೈ ಮುಖಗಳೂ ಊದಿಕೊಂಡು, ತಲೆನೋವು ಬಂದು, ಕಣ್ಣು ಮಂಜಾಗಿ, ಕಡೆಗೆ ಸೆಳೆತ ಬಂದು ತಾಯಿ ಸಾಯುತ್ತಾಳೆ. ಬಹುಕಾಲ ಇದನ್ನು ದೆವ್ವದ ಕಾಟವೆಂದೋ ಅಪಸ್ಮಾರವೆಂದೋ ತಿಳಿದಿದ್ದರು. 1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೆವರ್ ಇಂಥ ಸೆಳೆತದ ರೋಗಿಗಳ ಮೂತ್ರವನ್ನು ಕಾಯಿಸಿ ನೋಡಿದನು. ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿತು, ಮೂತ್ರದಲ್ಲಿ ಸಸಾರಜನಕವಿತ್ತು. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಕಟ್ಟುವ ಪಟ್ಟಿಯಿಂದ ರಕ್ತದೊತ್ತಡವನ್ನು ಅಳೆಯುವ ಉಪಕರಣವನ್ನು ರೂಪಿಸಿದ ಮೇಲೆ ಇನ್ನೊಂದು ಸುಳಿವು ಸಿಕ್ಕಿತು. ಸೆಳೆತಕ್ಕೆ ಮೊದಲೇ ಒತ್ತಡ ಏರಿರುತ್ತದೆ. ಬಸುರಿಗೆ ತಾನು ಆರೋಗ್ಯವಾಗಿದ್ದೇನೆಂದು ಅನ್ನಿಸುವಾಗಲೇ ಈ ಎರಡು ಪರೀಕ್ಷೆಗಳು ಎಚ್ಚರಿಸಬಲ್ಲವು. ಏನೂ ನೋವಿಲ್ಲದ ಹೆಂಗಸೊಬ್ಬಳು ತಿಂಗಳು ತಿಂಗಳೂ ವೈದ್ಯರಲ್ಲಿಗೆ ಹೋಗಬೇಕೆಂಬ ಇಂದಿನ ಪದ್ಧತಿಗೆ ಇದೊಂದು ಮುಖ್ಯ ಕಾರಣ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಲವಣ ಸೆಳೆತದ ಅಪಾಯವನ್ನು ಅರ್ಧಕ್ಕಿಂತಲೂ ಕೆಳಗಿಳಿಸಿತು.

ಉಪಕರಣಗಳು ಬರುವ ಮುನ್ನ ಬಸುರಿಯ ಒಳಗಿನದನ್ನು ತಿಳಿಯಲು ಇದ್ದ ದಾರಿ ಒಂದೇ: ಅವಳನ್ನು ಕೇಳುವುದು. ಅರ್ಧಮಾಗಧಿ ಆಗಮಗಳ ದೋಹದ ಪ್ರಕರಣಗಳನ್ನು ಈ ದೃಷ್ಟಿಯಿಂದ ಓದಿದವರು ಕಡಮೆ. ‘ನಾಯಾಧಮ್ಮಕಹಾ’ದ ಮೊದಲನೆಯ ಅಧ್ಯಯನದಲ್ಲಿ ಶ್ರೇಣಿಕನ ರಾಣಿ ಧಾರಿಣಿಗೆ ಅಕಾಲದಲ್ಲಿ ಮಳೆಗಾಲದ ಸೊಬಗನ್ನು ನೋಡುವ ಬಯಕೆ. ‘ನಿರಯಾವಲಿಯಾ’ದಲ್ಲಿ ಚೇಲಣೆಗೆ ಗಂಡನ ಹೊಟ್ಟೆಯ ಮಾಂಸವನ್ನೇ ತಿನ್ನುವ ಭಯಂಕರ ಬಯಕೆ, ಆ ಗರ್ಭದಲ್ಲಿದ್ದವನು ತಂದೆಯನ್ನು ಸೆರೆಯಲ್ಲಿಡಲಿದ್ದ ಕೂಣಿಕ. ಬಯಕೆಗಳು ಬೇರೆಬೇರೆ, ಆದರೆ ನಡೆಯುವ ಕ್ರಮ ಹೆಚ್ಚುಕಡಮೆ ಒಂದೇ. ಬಯಕೆಯನ್ನು ಹೇಳಲಾರದೆ ರಾಣಿ ಒಣಗುತ್ತಾಳೆ, ಸೊರಗುತ್ತಾಳೆ, ಬಿಳಿಚಿಕೊಂಡು ತಲೆ ತಗ್ಗಿಸಿ ಕೂರುತ್ತಾಳೆ. ಪರಿಚಾರಿಕೆಯರು ಅದನ್ನು ಗಮನಿಸುತ್ತಾರೆ. ಕಾರಣ ಕೇಳಿದರೆ ಉತ್ತರವಿಲ್ಲ. ರಾಜನಿಗೆ ಸುದ್ದಿ ಹೋಗುತ್ತದೆ. ರಾಜ ಬಂದು ಕೇಳುತ್ತಾನೆ, ಆಕೆ ಮೌನ. ಎರಡನೆಯ ಬಾರಿ, ಮೂರನೆಯ ಬಾರಿ ಕೇಳುತ್ತಾನೆ. ಆಮೇಲೆ ಆಕೆ ಬಾಯಿ ಬಿಡುತ್ತಾಳೆ. ಮುಂದಿನದನ್ನು ಅಭಯಕುಮಾರನು ತನ್ನ ಬುದ್ಧಿಯಿಂದ ನಿರ್ವಹಿಸುತ್ತಾನೆ.

ಈ ಪುನರುಕ್ತಿ ಆಗಮಗಳ ಸಿದ್ಧಶೈಲಿಯೆಂದು ವಿದ್ವಾಂಸರು ದಾಟಿಹೋಗುತ್ತಾರೆ. ಶೈಲಿಯೇನೋ ಹೌದು. ಆದರೆ ಆ ಶೈಲಿಯೊಳಗೆ ಒಂದು ನಡವಳಿಕೆ ಹೆಪ್ಪುಗಟ್ಟಿದೆ: ಬಸುರಿ ತಾನಾಗಿ ಹೇಳುವುದಿಲ್ಲ, ಒಂದು ಸಲ ಕೇಳಿದರೂ ಹೇಳುವುದಿಲ್ಲ, ಮತ್ತೆ ಮತ್ತೆ ಕೇಳಬೇಕು. ನೋಡಲು ಜನವಿರಬೇಕು, ಕೇಳಲು ಅಧಿಕಾರವುಳ್ಳವನಿಗೆ ಬಿಡುವಿರಬೇಕು. ಬಯಕೆ ತೀರದಿದ್ದರೆ ಮಗು ಕುಂಟನೋ ಗೂನನೋ ಜಡನೋ ಆಗುವನೆಂದು ಸುಶ್ರುತ ಹೇಳುತ್ತಾನೆ. ತಾಯಿಯದೊಂದು, ಮಗುವಿನದೊಂದು ಹೀಗೆ ಆಕೆಯಲ್ಲಿ ಎರಡು ಹೃದಯಗಳಿರುವುದರಿಂದ ಆಕೆಯ ಬಯಕೆ ಮಗುವಿನದೂ ಹೌದೆಂಬುದು ಅವನ ಯುಕ್ತಿ. ಶಾರೀರಶಾಸ್ತ್ರವಾಗಿ ಇದು ನಿಲ್ಲುವುದಿಲ್ಲ. ಆದರೆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಗೆ, ‘ನನಗೆ ಇದು ಬೇಕು’ ಎನ್ನುವ ಹಕ್ಕನ್ನು ಈ ಹೆದರಿಕೆಯೊಂದೇ ಒಂಬತ್ತು ತಿಂಗಳ ಮಟ್ಟಿಗೆ ಕೊಟ್ಟಿತೆಂಬುದು ಸುಳ್ಳಲ್ಲ. ನಮ್ಮ ಸೀಮಂತದ ಬಯಕೆಯೂಟ, ಉತ್ತರ ಕರ್ನಾಟಕದ ಕುಬುಸದ ಬುತ್ತಿ ಇವುಗಳ ಹಿಂದೆಯೂ ಅದೇ ಹೆದರಿಕೆ ಇದೆ, ಇದ್ದರೆ ಇರಲಿ.

ಕೇಳುವುದರ ಬೆಲೆ ಎಷ್ಟೆಂಬುದು ‘ಕಲ್ಪಸೂತ್ರ’ದ ಒಂದು ಪ್ರಸಂಗದಲ್ಲಿ ಮನಮುಟ್ಟುವಂತಿದೆ. ಇದು ಶ್ವೇತಾಂಬರ ಪರಂಪರೆಯದು. ದಿಗಂಬರ ಪುರಾಣಗಳಲ್ಲಿ ಬರುವುದಿಲ್ಲವಾಗಿ ಕನ್ನಡ ಜೈನ ಕವಿಗಳಲ್ಲಿಯೂ ಕಾಣದು. ಗರ್ಭಸ್ಥನಾದ ಮಹಾವೀರನು ತನ್ನ ಚಲನೆಯಿಂದ ತಾಯಿಗೆ ನೋವಾಗದಿರಲೆಂದು ಕರುಣೆಯಿಂದ ನಿಶ್ಚಲನಾಗುತ್ತಾನೆ. ತ್ರಿಶಲೆ ಬೆದರುತ್ತಾಳೆ. ಮೊದಲು ಮಿಸುಕುತ್ತಿದ್ದುದು ಈಗ ಮಿಸುಕುತ್ತಿಲ್ಲ. ನನ್ನ ಗರ್ಭವನ್ನು ಯಾರೋ ಅಪಹರಿಸಿದರೋ, ಸತ್ತುಹೋಯಿತೋ, ಜಾರಿತೋ ಎಂದು ಅಂಗೈ ಮೇಲೆ ಕೆನ್ನೆಯಿಟ್ಟು ನೆಲ ನೋಡುತ್ತ ಕೂರುತ್ತಾಳೆ. ಅರಮನೆಯಲ್ಲಿ ಮದ್ದಳೆ ವೀಣೆಗಳ ಸದ್ದು ನಿಲ್ಲುತ್ತದೆ. ತಾಯಿಯ ಸಂಕಟವನ್ನು ಅರಿತು ಶಿಶು ಒಂದಿಷ್ಟು ಅಲುಗುತ್ತದೆ. ಆಕೆಯ ಮುಖ ಅರಳುತ್ತದೆ. ತಂದೆ ತಾಯಿ ಬದುಕಿರುವವರೆಗೆ ಸಂನ್ಯಾಸವನ್ನು ಸ್ವೀಕರಿಸುವುದಿಲ್ಲವೆಂದು ಮಹಾವೀರನು ನಿಶ್ಚಯಿಸುವುದು ಆಗಲೇ.

ಧಾರ್ಮಿಕವಾಗಿ ಈ ಪ್ರಸಂಗದ ಕೇಂದ್ರ ಆ ನಿಶ್ಚಯ. ಗರ್ಭದ ಇತಿಹಾಸವನ್ನು ನೋಡುವವನಿಗೆ ಕೇಂದ್ರ ತ್ರಿಶಲೆಯ ಭಯ. ಹೊಟ್ಟೆಯ ನಿಶ್ಚಲತೆಯನ್ನು ಯಾವ ಸಾಧನವೂ ಇಲ್ಲದೆ ಮೊದಲು ಅರಿಯುವವಳು ತಾಯಿ. ಸುಶ್ರುತನು ಗರ್ಭದಲ್ಲಿ ಶಿಶು ಸತ್ತಿರುವುದರ ಗುರುತುಗಳನ್ನು ಹೇಳುವಾಗ ಚಲನೆ ಇಲ್ಲದಿರುವುದನ್ನೇ ಮೊದಲು ಎಣಿಸುತ್ತಾನೆ. ಮಿಸುಕಾಟ ಕುಗ್ಗಿತೆಂದು ಬಸುರಿ ಹೇಳಿದರೆ ನಾಳೆಗೆಂದು ಬಿಡಬಾರದು, ಅಂದೇ ಪರೀಕ್ಷಿಸಬೇಕು ಎಂದು ಇಂದಿನ ಪ್ರಸೂತಿತಜ್ಞರೂ ಒತ್ತಿ ಹೇಳುತ್ತಾರೆ. 1821ರಲ್ಲಿ ಪ್ಯಾರಿಸಿನಲ್ಲಿ ಕೆರ್ಗರಾದೆಕ್ ಎಂಬ ವೈದ್ಯನು ಆಗಷ್ಟೇ ಬಳಕೆಗೆ ಬಂದಿದ್ದ ಸ್ಟೆತಸ್ಕೋಪನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಶಿಶುವಿನ ಹೃದಯದ ಸದ್ದನ್ನು ವೈದ್ಯಲೋಕಕ್ಕೆ ಪರಿಚಯಿಸಿದನು. ಅದಕ್ಕೆ ಮುಂಚೆ ತ್ರಿಶಲೆಯಂಥವಳ ಭಯಕ್ಕೆ ಉತ್ತರ ಕೊಡಬಲ್ಲವರು ಯಾರೂ ಇರಲಿಲ್ಲ, ಆ ಶಿಶುವಿನ ಹೊರತು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನಂಥವರ ಬೆರಳುಗಳನ್ನು ಇಲ್ಲಿ ಮರೆಯಲಾಗದು. ಹದಿನೈದು ಸಾವಿರದಷ್ಟು ಹೆರಿಗೆಗಳನ್ನು ಮಾಡಿಸಿದರೆಂದು ಖ್ಯಾತರಾಗಿ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡ ಅವರು ಹೊಟ್ಟೆ ಮುಟ್ಟಿ ಮಗುವಿನ ಸ್ಥಿತಿಯನ್ನು ತಿಳಿಯುತ್ತಿದ್ದರು. ಆದರೆ ಅಂಥ ಬೆರಳುಗಳು ಊರೂರಿಗೆ ಇರುವುದಿಲ್ಲ.

ಬಿಳಿಚುವಿಕೆ, ಊತ, ಮಗುವಿನ ಚಲನೆ ಈ ಮೂರೂ ಇಂದು ಗರ್ಭಿಣಿಯರಿಗೆ ಕೊಡುವ ತಾಯಿ-ಮಗು ರಕ್ಷಣಾ ಕಾರ್ಡಿನಲ್ಲಿ ಪ್ರತಿ ಭೇಟಿಗೂ ತುಂಬಬೇಕಾದ ಅಂಕಣಗಳು. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್‌ಗಳ ಪಕ್ಕದಲ್ಲಿಯೇ ಇವೆ. ಕಾವ್ಯದ ಲಕ್ಷಣಗಳು ಅಂಕಣಗಳಾದವು. ಅಂಕಣ ತುಂಬಿದ ಮೇಲೆ ಮಾಡಬೇಕಾದುದೇನೆಂಬುದೂ ನಿಶ್ಚಯವಾಯಿತು. ಕರ್ನಾಟಕದಲ್ಲಿ 2004–06ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಅಷ್ಟೂ ಮಂದಿಗೆ ಕಲ್ಲು ನಿಲ್ಲಿಸುವವರು ಈಗ ಇಲ್ಲ.

ಇಂಥ ವಿಷಯ ಬಂದಾಗ ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವ ಉತ್ಸಾಹಿಗಳುಂಟು. ಅವರು ಎತ್ತಿ ತೋರಿಸುವುದು ‘ತಂದುಲವೇಯಾಲಿಯ’ ಪ್ರಕೀರ್ಣಕವನ್ನು. ಜೀವವು ಗರ್ಭದಲ್ಲಿ ಇನ್ನೂರ ಎಪ್ಪತ್ತೇಳೂವರೆ ಅಹೋರಾತ್ರಿಗಳಿರುತ್ತದೆಂದು ಅಲ್ಲಿದೆ. ಕೊನೆಯ ಮುಟ್ಟಿನಿಂದ 280 ದಿನ, ಗರ್ಭಕಟ್ಟಿದಂದಿನಿಂದ 266 ದಿನ ಎಂಬ ಇಂದಿನ ಲೆಕ್ಕದ ಸಮೀಪದಲ್ಲಿಯೇ ಅದು ನಿಲ್ಲುವುದು ನಿಜ. ತಾಯಿಯಿಂದ ಶಿಶುವಿಗೆ ರಸವನ್ನು ಒಯ್ಯುವ ನಾಳದ ಮಾತೂ ಅಲ್ಲಿದೆ. ಆದರೆ ‘ಭಗವತೀಸೂತ್ರ’ವು ಮನುಷ್ಯಗರ್ಭದ ಪರಮಾವಧಿಯನ್ನು ಹನ್ನೆರಡು ವರ್ಷವೆಂದೂ ಹೇಳುತ್ತದೆ. ಮೊದಲನೆಯದನ್ನು ವಿಜ್ಞಾನವೆಂದು ಮೆರೆಸುವವರು ಎರಡನೆಯದನ್ನು ಏನು ಮಾಡುವರು? ಎರಡನ್ನೂ ಅವುಗಳ ಕಾಲದ ತಿಳಿವಳಿಕೆಯಾಗಿ ಓದುವುದೇ ಆಗಮಗಳಿಗೆ ಸಲ್ಲಿಸುವ ಗೌರವ. ತಾಯಿ ನಿದ್ರಿಸಿದರೆ ಶಿಶು ನಿದ್ರಿಸುತ್ತದೆ, ಆಕೆ ಸುಖಿಯಾದರೆ ಸುಖಿ, ದುಃಖಿಯಾದರೆ ದುಃಖಿ ಎಂಬ ಅರ್ಥದ ಮಾತು ‘ಭಗವತೀಸೂತ್ರ’ದ ಗರ್ಭಪ್ರಕರಣದಲ್ಲಿ ಬರುತ್ತದೆ. ಅದರ ಬಗೆಗೆ ಮುಂದೆ ಒಂದು ಮಾತು ಹೇಳಬೇಕಿದೆ.

ಬಸಿರನ್ನು ನಿರ್ಣಯಿಸುವ ಪರೀಕ್ಷೆಗಳ ಇತಿಹಾಸ ಇನ್ನೊಂದು ದಿಕ್ಕಿನಿಂದ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಪ್ರಾಚೀನ ಈಜಿಪ್ಟಿನಲ್ಲಿ ಹೆಂಗಸಿನ ಮೂತ್ರವನ್ನು ಗೋಧಿ ಜವೆಗಳ ಮೇಲೆ ಸುರಿದು ಮೊಳೆಯುತ್ತವೆಯೇ ಎಂದು ನೋಡುತ್ತಿದ್ದರು. 1963ರಲ್ಲಿ ಇದನ್ನು ಪ್ರಯೋಗಿಸಿ ನೋಡಿದಾಗ ಗರ್ಭಿಣಿಯರ ಮೂತ್ರದಲ್ಲಿ ಶೇಕಡ 70ರಷ್ಟು ಸಲ ಕಾಳು ಮೊಳೆಯಿತು. ಆಧುನಿಕ ಪರೀಕ್ಷೆಯ ಆರಂಭ 1927ರ ವೇಳೆಗೆ, ಬರ್ಲಿನ್ನಿನಲ್ಲಿ. ಆಶ್‌ಹೈಮ್ ಮತ್ತು ತ್ಸೊಂಡೆಕ್ ಎಂಬ ಇಬ್ಬರು ವೈದ್ಯರು ಬಸುರಿಯ ಮೂತ್ರವನ್ನು ಐದು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ಮೇಲೆ ಅವನ್ನು ಕೊಂದು ಅಂಡಾಶಯಗಳನ್ನು ನೋಡುತ್ತಿದ್ದರು. 1931ರಲ್ಲಿ ಅಮೆರಿಕದಲ್ಲಿ ಇಲಿಯ ಬದಲು ಮೊಲ ಬಂದಿತು, ಅದನ್ನೂ ಕೊಲ್ಲಲೇಬೇಕಾಗಿತ್ತು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕಪ್ಪೆಯೊಂದನ್ನು ಬಳಸತೊಡಗಿದರು. ಚುಚ್ಚಿದ ಕೆಲವು ಗಂಟೆಗಳಲ್ಲಿ ಕಪ್ಪೆ ಮೊಟ್ಟೆಯಿಟ್ಟರೆ ಹೆಂಗಸು ಗರ್ಭಿಣಿ. ಕಪ್ಪೆ ಬದುಕಿ ಇನ್ನೊಂದು ಪರೀಕ್ಷೆಗೆ ಒದಗುತ್ತಿತ್ತು. 1960ರಲ್ಲಿ ಸ್ವೀಡನ್ನಿನಲ್ಲಿ ಪ್ರತಿಕಾಯಗಳ ಪ್ರತಿಕ್ರಿಯೆಯಿಂದ ಬಸಿರನ್ನು ತಿಳಿಯುವ ವಿಧಾನ ಬಂದ ಮೇಲೆ ಪ್ರಾಣಿಗಳು ಬೇಕಿಲ್ಲವಾದವು. ಇಂದು ಔಷಧದ ಅಂಗಡಿಯಲ್ಲಿ ಕೊಂಡ ಪಟ್ಟಿಯ ಮೇಲೆ ಎರಡು ಗೆರೆ ಮೂಡಿತೇ ಎಂದು ನೋಡುವ ಹುಡುಗಿಗೆ ಈ ಇಲಿ, ಮೊಲ, ಕಪ್ಪೆಗಳ ನೆನಪಿಲ್ಲ.

ಜೈನ ವೈದ್ಯಪರಂಪರೆ ಈ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಎದುರಿಸಿತ್ತು. ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಔಷಧಕ್ಕಾಗಿಯೂ ಮಾಂಸ ಸಲ್ಲದೆಂದು ವಾದಿಸಿದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ ಸಂಸ್ಕೃತದಲ್ಲಿದೆ. ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನು ಮದ್ಯ ಮಾಂಸ ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳಿದನು. ಒಂದು ಜೀವವನ್ನು ತಿಳಿಯಲು ಐದು ಜೀವಗಳನ್ನು ತೆಗೆಯುವ ಪರೀಕ್ಷೆಯ ಬಗೆಗೆ ಉಗ್ರಾದಿತ್ಯರ ತೀರ್ಪು ಏನಿರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಆದರೆ ಆ ಇಲಿಗಳಿಂದ ತಿಳಿದ ವಿಷಯವೇ ಮುಂದೆ ಇಲಿಗಳನ್ನು ಬಿಡುಗಡೆ ಮಾಡಿತೆಂಬುದೂ ನಿಜ. ಲೂಸಿ ವಿಲ್ಸ್‌ಳ ಮಾರ್ಮೈಟ್ ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ್ದು. ಸೋಮನಾಥನು ಅದನ್ನು ಯಾವ ವರ್ಗಕ್ಕೆ ಸೇರಿಸುತ್ತಿದ್ದನೋ!

ಒಳಗನ್ನು ನೋಡುವ ಬಯಕೆಗೆ ಕೊನೆಗೆ ಕಣ್ಣೂ ದೊರೆಯಿತು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಶಬ್ದತರಂಗಗಳಿಂದ ಗರ್ಭದ ಚಿತ್ರವನ್ನು ಪ್ರಕಟಿಸಿದರು. ಅಡ್ಡ ತಿರುಗಿದ ಶಿಶು, ಕೆಳಗಿಳಿದ ಮಾಸು, ಅವಳಿ, ಅಂಗದೋಷ ಇವನ್ನೆಲ್ಲ ಮೊದಲೇ ತಿಳಿಸಿ ಎಷ್ಟೋ ತಾಯಂದಿರನ್ನು ಉಳಿಸಿದ ಯಂತ್ರವಿದು. ಅದೇ ಯಂತ್ರದಿಂದ ನಮ್ಮ ದೇಶ ಹೆಣ್ಣುಗಳನ್ನು ಹುಡುಕಿ ಕೊಂದಿತು. 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು ಬಂದಿತು, 2003ರಲ್ಲಿ ಬಿಗಿಯಾಯಿತು. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಈ ಕೆಲಸ ನಡೆಯುತ್ತಿದ್ದುದು ಬಯಲಾಯಿತು. ಇದನ್ನು ಪಶ್ಚಿಮದ ಯಂತ್ರದ ದೋಷವೆಂದು ತಳ್ಳಿಹಾಕುವಂತಿಲ್ಲ. ಬಲಗಡೆಯ ಗುರುತು ಗಂಡಿಗೆ, ಎಡಗಡೆಯದು ಹೆಣ್ಣಿಗೆ ಎಂದು ಲಿಂಗಪತ್ತೆಯ ಲಕ್ಷಣಗಳನ್ನು ನಮ್ಮ ಸಂಹಿತೆಗಳೇ ಬರೆದಿವೆ. ಗಂಡು ಹುಟ್ಟಲೆಂದು ಪುಂಸವನವನ್ನು ವಿಧಿಸಿವೆ. ಕತ್ತಿಯಲ್ಲಿ ಮುಖ ನೋಡಿಕೊಂಡ ಯಶಸ್ವತಿಗೆ ಮುಂದೆ ಬ್ರಾಹ್ಮಿಯೆಂಬ ಮಗಳೂ ಹುಟ್ಟಿದಳು. ವೃಷಭನಾಥನು ಲಿಪಿಯನ್ನು ಕಲಿಸಿದ್ದು ಅವಳಿಗೆ. ಅವಳನ್ನು ಹೊತ್ತಾಗ ತಾಯಿಗೆ ಏನು ಬಯಕೆಯಾಯಿತೆಂಬುದು ಯಾರಿಗೂ ನೆನಪಿರುವಂತಿಲ್ಲ.

‘ಭಗವತೀಸೂತ್ರ’ದ ಆ ಮಾತಿಗೆ ಈಗ ಬರಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಬೆಳೆಯಿತು. ತಾಯಿಯ ತೂಕವನ್ನೂ ಬರೆಯುತ್ತಿದ್ದರು. ಅದರಿಂದ ಏನು ಪ್ರಯೋಜನವೆಂದು ಬರೆದ ದಾದಿಯರಿಗೆ ತಿಳಿದಿರಲಾರದು. ಆರು ದಶಕಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಮೈಸೂರಿನ ಸುತ್ತಮುತ್ತ ಬದುಕಿದ್ದ 517 ಜನರನ್ನು ಪತ್ತೆಹಚ್ಚಿ ಪರೀಕ್ಷಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ಶೇಕಡ 3ರಷ್ಟು ಮಾತ್ರ. ಬಸಿರಿನಲ್ಲಿ ತೂಕ ಕಡಮೆಯಿದ್ದ ತಾಯಂದಿರ ಚಿಕ್ಕ ಮಕ್ಕಳಲ್ಲಿ ರೋಗ ಇನ್ನೂ ಹೆಚ್ಚು. 1996ರಲ್ಲಿ ಇದು ಪ್ರಕಟವಾದಾಗ, 1930ರ ದಶಕದಲ್ಲಿ ಮೈಸೂರಿನ ಬಸುರಿಯೊಬ್ಬಳು ಉಣ್ಣದೆ ಉಳಿದ ಅನ್ನದ ಲೆಕ್ಕ ಅರವತ್ತರ ಮಗನ ಎದೆಯಲ್ಲಿ ಸಿಕ್ಕಿದಂತಾಯಿತು. ಅನಂತರ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರ ಸಕ್ಕರೆಯ ಕಾಯಿಲೆಯನ್ನೂ, ಅವರ ಮಕ್ಕಳ ಬೆಳವಣಿಗೆಯನ್ನೂ ವರ್ಷಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ಆಗ ಹುಟ್ಟಿದ ಮಕ್ಕಳು ಈಗ ಪ್ರಾಯಕ್ಕೆ ಬಂದಿದ್ದಾರೆ.